ಮೂಕಿಯ ಭಾರ ಮತ್ತು ಕ್ಯಾರವಾನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ವಾಸದ ಗಾಡಿಯ, ಅಂದರೆ ಕ್ಯಾರವಾನಿನ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಓದುಗರು ಪತ್ರ ಬರೆದಿದ್ದಾರೆ. ಹೆಚ್ಚಿನವರು ಎಸಿ, ಟಿವಿ, ಮಂಚದ ಅಳತೆಗಳ ಬಗ್ಗೆ ಕೇಳಿದ್ದಾರೆ, ತೂಕಕ್ಕೆ ಸಂಬಂಧಿಸಿದ ಪ್ರಶ್ನೆ ಕೇಳಿದವರು ಇಬ್ಬರೇ. ಆದ್ದರಿಂದ ಆ ಇಬ್ಬರ ಪ್ರಶ್ನೆಗಳನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಒಂದು ವರ್ಷವಾಯಿತು. ನಾನೂ ನನ್ನ ಮನೆಯವರೂ ಬಾದಾಮಿ, ಹಂಪಿ, ಗೋಕರ್ಣ ಎಂದು ಅವಸರವಿಲ್ಲದೆ ತಿರುಗಬೇಕೆಂದು ಹಳೆಯ ಕ್ಯಾರವಾನ್ ಒಂದನ್ನು ನೋಡಿ ಬಂದಿದ್ದೇವೆ. ಮಾರುವವರು ‘ಖಾಲಿ ತೂಕ ಬರೀ 750 ಕೆಜಿ, ಯಾವ ಕಾರಾದರೂ ಎಳೆಯುತ್ತದೆ’ ಎನ್ನುತ್ತಾರೆ. ನಮ್ಮ ಎಸ್‌ಯುವಿಯ ತೂಕ 1,600 ಕೆಜಿ. ಈ ಮಾತನ್ನು ನಂಬಬಹುದೇ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಖಾಲಿ ಕ್ಯಾರವಾನ್ ಕಟ್ಟಿಕೊಂಡು ಯಾರೂ ಪ್ರವಾಸ ಹೋಗುವುದಿಲ್ಲ. ನೀವು ನೋಡಿ ಬಂದ ಗಾಡಿಯ ಬಾಗಿಲ ಬಳಿಯೋ ಚಾಸಿಯ ಮೇಲೋ ತಯಾರಕರ ತಗಡಿನ ಫಲಕವೊಂದು ಇರಬೇಕು, ಅದರಲ್ಲಿ ಖಾಲಿ ತೂಕದ ಜೊತೆಗೆ ಗರಿಷ್ಠ ತೂಕವನ್ನೂ ಬರೆದಿರುತ್ತಾರೆ. ಇವೆರಡರ ನಡುವಿನ ಅಂತರವೇ ನಿಮ್ಮ ಸಾಮಾನಿಗೆ ಸಿಗುವ ಪಾಲು. ಗರಿಷ್ಠ ತೂಕ 950 ಕೆಜಿ ಎಂದಿದ್ದರೆ ನಿಮ್ಮ ಕೈಯಲ್ಲಿರುವುದು 200 ಕೆಜಿ. ಇದು ಬಹಳ ಎಂದು ತೋರುತ್ತದೆ, ಆದರೆ ಅರವತ್ತು ಲೀಟರಿನ ನೀರಿನ ಟ್ಯಾಂಕು ತುಂಬಿದಿರೆಂದರೆ ಅರವತ್ತು ಕೆಜಿ ಹೋಯಿತು. ಮನೆಯ ಇನ್ವರ್ಟರಿಗೆ ಬಳಸುವಂತಹ 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಇಟ್ಟರೆ ಇನ್ನೈವತ್ತು ಕೆಜಿ ಹೋಯಿತು. ಗ್ಯಾಸ್, ಒಲೆ, ಹಾಸಿಗೆ, ಪಾತ್ರೆ, ಕುರ್ಚಿ, ಬಟ್ಟೆ ಸೇರುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ನೀರನ್ನು ತಲುಪಿದ ಊರಿನಲ್ಲಿ ತುಂಬಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ಉಳಿತಾಯ. ಬುತ್ತಿಯ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರು ಪುಣ್ಯವಂತರು, ಏಕೆಂದರೆ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯಷ್ಟು ಹಗುರವಾದ, ವಾರವಿಟ್ಟರೂ ಕೆಡದ ಊಟ ಬೇರೆ ಕಡೆ ಸಿಗುವುದು ಕಷ್ಟ.

ಇನ್ನು ನಿಮ್ಮ ಕಾರಿನ ಮಾತು. ಕ್ಯಾರವಾನ್ ಬಳಕೆ ಹಳೆಯದಾಗಿರುವ ಬ್ರಿಟನ್ನಿನಲ್ಲಿ, ಸಾಮಾನು ತುಂಬಿದ ಕ್ಯಾರವಾನಿನ ತೂಕ ಎಳೆಯುವ ಕಾರಿನ ತೂಕದ ಶೇ. 85ನ್ನು ಮೀರಬಾರದು ಎಂದು ಹೊಸಬರಿಗೆ ಹೇಳಿಕೊಡುತ್ತಾರೆ. ಅದು ಕಾನೂನಲ್ಲ, ಅನುಭವದಿಂದ ಬಂದ ಮಿತಿ. ನಿಮ್ಮ 1,600 ಕೆಜಿಗೆ ಆ ಮಿತಿ 1,360 ಕೆಜಿ ಆಗುವುದರಿಂದ 950 ಕೆಜಿಯ ಗಾಡಿ ಈ ಲೆಕ್ಕದಲ್ಲಿ ಧಾರಾಳವಾಗಿ ಹೊಂದುತ್ತದೆ. ಆದರೆ ಕಾರಿನ ಕೈಪಿಡಿಯಲ್ಲಿ ತಯಾರಕರು ಎಳೆಯುವ ಮಿತಿಯನ್ನು ಇದಕ್ಕಿಂತ ಕಡಿಮೆ ಕೊಟ್ಟಿದ್ದರೆ ಅದೇ ಕೊನೆಯ ಮಾತು, ಎಳೆಯಲೇಬಾರದು ಎಂದು ಬರೆದಿದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು. ಯುರೋಪಿನಲ್ಲಿ 750 ಕೆಜಿಗಿಂತ ಹೆಚ್ಚು ತೂಕದ ಟ್ರೇಲರಿಗೆ ಅದರದೇ ಬ್ರೇಕು ಕಡ್ಡಾಯ. ನಮ್ಮ ರಸ್ತೆಗಳಲ್ಲಂತೂ ಆ ತೂಕಕ್ಕಿಂತ ಕೆಳಗಿನ ಗಾಡಿಗೂ ಬ್ರೇಕು ಇರಲೆಂದೇ ನಾನು ಹೇಳುತ್ತೇನೆ. ಗಾಡಿಯನ್ನು ಕಾರಿಗೆ ಸಿಕ್ಕಿಸುವ ಹಿಚ್ ಎಂದು ಅಂಗಡಿಯವರು ಬಂಪರಿಗೆ ಬಿಗಿದು ಕೊಡುವ ಗುಂಡುಗಳಲ್ಲಿ ಕೆಲವು ಬರೀ ಅಲಂಕಾರದವು. ಕಾರಿನ ಕೆಳಗೆ ಬಗ್ಗಿ ನೋಡಿ, ಹಿಚ್ಚಿನ ತೋಳುಗಳು ಚಾಸಿಗೆ ಬೋಲ್ಟಿನಿಂದ ಬಿಗಿದಿರಬೇಕು.

ಮುಂಗಡ ಕೊಡುವ ಮುನ್ನ ಒಂದು ಕೆಲಸ ಮಾಡಿ. ಮಾರುವವರನ್ನು ಒಪ್ಪಿಸಿ ಗಾಡಿಯನ್ನು ಅಮರಗೋಳದ ಎಪಿಎಂಸಿ ಕಡೆಗೆ ಒಯ್ದು, ಹತ್ತಿರದ, ಲಾರಿ ತೂಗುವ ವೇ ಬ್ರಿಜ್ ಮೇಲೆ ಕಾರಿನಿಂದ ಬಿಡಿಸಿ ನಿಲ್ಲಿಸಿ ತೂಗಿಸಿರಿ. ಹಿಂದಿನ ಮಾಲೀಕರು ಕಪಾಟು, ಪ್ಲೈವುಡ್ಡು, ಕಬ್ಬಿಣದ ಕ್ಯಾರಿಯರ್ ಎಂದು ಸೇರಿಸುತ್ತ ಹೋಗಿರುತ್ತಾರೆ, ಫಲಕದ ಮೇಲಿನ ಖಾಲಿ ತೂಕ ಮಾತ್ರ ಹಾಗೆಯೇ ಉಳಿದಿರುತ್ತದೆ.

ಪ್ರಶ್ನೆ: ನಮ್ಮ ಅಳಿಯಂದಿರು ತಂದ ಸಣ್ಣ ಕ್ಯಾರವಾನ್ ಕಟ್ಟಿಕೊಂಡು ಹೋಗುವಾಗ, ಪಕ್ಕದಲ್ಲಿ ಲಾರಿ ದಾಟಿದರೆ ಸಾಕು, ಹಿಂದಿನ ಗಾಡಿ ಹಾವಿನಂತೆ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಟೈರು, ಬೇರಿಂಗು ಎಲ್ಲ ಸರಿ ಇವೆ ಎಂದು ಗ್ಯಾರೇಜಿನವರು ಹೇಳಿದ್ದಾರೆ. ಕಾರಣವೇನು? (ಮುಂಡರಗಿ)

ಉತ್ತರ: ನಿಮ್ಮ ಮನೆಯಲ್ಲಿ ಹಿರಿಯರು ಚಕ್ಕಡಿ ಹೂಡಿದವರಿದ್ದರೆ ಅವರು ಇದನ್ನು ಅರ್ಧ ಮಾತಿನಲ್ಲಿ ತಿಳಿದುಕೊಳ್ಳುತ್ತಾರೆ. ಚಕ್ಕಡಿಗೆ ಚೀಲ ಹೇರುವಾಗ ಭಾರ ಅಚ್ಚಿನ ಹಿಂದಕ್ಕೆ ಸರಿದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ದಂಡ, ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂದಕ್ಕೆ ಅತಿಯಾದರೆ ನೊಗ ಹೆಗಲ ಮೇಲೆ ಕುಳಿತು ಅವು ನಡೆಯಲಾರವು. ಹೇರುವವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ಸ್ವಲ್ಪ ಭಾರ ಮುಂದಕ್ಕೆ ಇರುವಂತೆ ಚೀಲಗಳನ್ನು ಸರಿಸುತ್ತಿದ್ದ. ಕ್ಯಾರವಾನಿನಲ್ಲೂ ಹಿಚ್ಚಿನ ಗುಂಡಿನ ಮೇಲೆ ಕೂರುವ ಭಾರವೇ ಮುಖ್ಯ. ಅದು ತುಂಬಿದ ಗಾಡಿಯ ಒಟ್ಟು ತೂಕದ ಶೇ. 5ರಿಂದ 7ರಷ್ಟಿರಬೇಕು. ಅಂದರೆ 900 ಕೆಜಿಯ ಗಾಡಿಗೆ 45ರಿಂದ 63 ಕೆಜಿ. ಇದಕ್ಕಿಂತ ಕಡಿಮೆಯಾದರೆ ಹಿಂಭಾಗವು ಲೋಲಕದಂತೆ ಬೀಸತೊಡಗುತ್ತದೆ. ದಾಟುವ ಲಾರಿ ಮೊದಲು ಗಾಳಿಯಿಂದ ಹೊರಕ್ಕೆ ನೂಕಿ ನಂತರ ತನ್ನ ಕಡೆಗೆ ಸೆಳೆಯುವುದರಿಂದ, ಲೋಲಕಕ್ಕೆ ಮೊದಲ ತಳ್ಳು ಕೊಡುವುದು ಅದೇ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಗದಗ–ರೋಣ ರಸ್ತೆಯಲ್ಲಿ ಕಲಿತದ್ದು ಹೆಚ್ಚು. ಅದು ಆಷಾಢದ ದಿನ, ಎರೆಹೊಲಗಳ ಮೇಲೆ ಪಡುವಣ ಗಾಳಿ ತಡೆಯಿಲ್ಲದೆ ಬೀಸುತ್ತಿತ್ತು, ರಸ್ತೆಯೋ ಉತ್ತರಕ್ಕೆ. ಹೊರಡುವಾಗ ನೀರು ಸಾಲದೆಂದು ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ಹಿಂದಿನ ಕಿಟಕಿಯ ಕೆಳಗೆ ಇಟ್ಟಿದ್ದೆ. ನನ್ನ ಗಾಡಿಯಲ್ಲಿ ಅಚ್ಚಿನಿಂದ ಹಿಚ್ಚಿಗೆ ಮೂರು ಮೀಟರು, ಕ್ಯಾನುಗಳು ಕುಳಿತದ್ದು ಅಚ್ಚಿನಿಂದ ಎರಡು ಮೀಟರು ಹಿಂದೆ. 40 ಕೆಜಿಯನ್ನು ಎರಡರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಸುಮಾರು 27 ಕೆಜಿ ಆಗುತ್ತದೆ, ಹಿಚ್ಚಿನ ಮೇಲಿಂದ ಅಷ್ಟು ಭಾರ ಎದ್ದುಹೋಗಿತ್ತು. ಮೊದಲಿದ್ದ 55 ಕೆಜಿ 28ಕ್ಕೆ ಇಳಿದಿತ್ತು, ಒಟ್ಟು ತೂಕ ಮಾತ್ರ 850ರಿಂದ 890ಕ್ಕೆ ಏರಿತ್ತು. ಶೇ. 6.5 ಇದ್ದದ್ದು ಶೇ. 3ರ ಆಸುಪಾಸಿಗೆ ಬಂದದ್ದು ಎರಡು ಕ್ಯಾನು ನೀರಿನಿಂದ. ಹತ್ತಿ ತುಂಬಿದ ಲಾರಿಯೊಂದು ದಾಟಿದಾಗ ಕನ್ನಡಿಯಲ್ಲಿ ಗಾಡಿಯ ಬಲಮಗ್ಗುಲು ಕಾಣಿಸಿತು, ಮರುಕ್ಷಣ ಎಡಮಗ್ಗುಲು ಕಾಣಿಸಿತು. ಸ್ಟೇರಿಂಗ್ ಚಕ್ರವೇ ಕೈಯಲ್ಲಿ ಅಲುಗಾಡತೊಡಗಿತು.

ಅಂತಹ ಹೊತ್ತಿನಲ್ಲಿ ಕಾಲು ತಾನಾಗಿಯೇ ಬ್ರೇಕಿನ ಕಡೆಗೆ ಹೋಗುತ್ತದೆ. ಅದನ್ನು ತಡೆಯಬೇಕು. ಜೋರಾಗಿ ಬ್ರೇಕು ಒತ್ತಿದರೆ ಹಿಂದಿನ ಗಾಡಿ ಕಾರನ್ನು ಮಡಚಿ ಹಾಕುತ್ತದೆ, ಹೊಯ್ದಾಟಕ್ಕೆ ಎದುರಾಗಿ ಸ್ಟೇರಿಂಗ್ ತಿರುಗಿಸಿದರೆ ನಮ್ಮ ತಿರುವು ಒಂದು ಹೆಜ್ಜೆ ತಡವಾಗಿ ಬಿದ್ದು ಹೊಯ್ದಾಟವನ್ನೇ ಹೆಚ್ಚಿಸುತ್ತದೆ. ವೇಗ ಹೆಚ್ಚಿಸಿದರೆ ಗಾಡಿ ನೆಟ್ಟಗಾಗುತ್ತದೆ ಎಂದು ಹೇಳುವವರಿದ್ದಾರೆ, ಅವರ ಮಾತು ಕೇಳಬೇಡಿ. ಆಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೇರವಾಗಿ ಹಿಡಿದು, ವೇಗ ತಾನೇ ಇಳಿಯಲು ಬಿಡಬೇಕು. ಅಂದು ನನಗೆ 70ರಿಂದ 50ಕ್ಕೆ ಇಳಿಯುವಷ್ಟರಲ್ಲಿ ಒಂದು ಯುಗ ಕಳೆದಂತಾಯಿತು. ಬದಿಗೆ ನಿಲ್ಲಿಸಿ, ಕ್ಯಾನುಗಳನ್ನು ತಂದು ಅಚ್ಚಿನ ಮೇಲೆ ಬರುವಂತೆ ನೆಲಕ್ಕೆ ಇಟ್ಟೆ. ಮುಂದೆ ರೋಣದವರೆಗೂ ಗಾಡಿ ಅಲುಗಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಪ್ರವಾಸಕ್ಕೆ ಹೊರಡುವಷ್ಟೇ ಸಾಮಾನು ತುಂಬಿ, ಗಾಡಿಯನ್ನು ಸಮತಟ್ಟು ನೆಲದ ಮೇಲೆ ಕಾರಿನಿಂದ ಬಿಡಿಸಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಗಾಡಿಯ ಕಡೆಯ ಹಿಚ್ಚಿನ ನೇರ ಕೆಳಗಿಟ್ಟು, ಅದರ ಮೇಲೆ ಕಟ್ಟಿಗೆಯ ತುಂಡೊಂದನ್ನು ನಿಲ್ಲಿಸಿ, ಮುಂದಿನ ಪುಟ್ಟ ಚಕ್ರವನ್ನು ಮೇಲೆತ್ತಿ ಹಿಚ್ಚನ್ನು ಆ ತುಂಡಿನ ಮೇಲೆ ಕೂರಿಸಿ. ತುಂಡಿನ ಉದ್ದವು ಕಾರಿನ ಗುಂಡಿನ ಎತ್ತರಕ್ಕೆ ಹೊಂದುವಂತಿರಲಿ. ಯಂತ್ರ ತೋರಿಸುವುದೇ ಹಿಚ್ಚಿನ ಭಾರ. ವೇ ಬ್ರಿಜ್ ಇದಕ್ಕೆ ಒಗ್ಗದು, ಅದು ಹತ್ತು ಹತ್ತು ಕೆಜಿಯ ಲೆಕ್ಕದಲ್ಲಿ ತೋರಿಸುವುದರಿಂದ 28ಕ್ಕೂ 35ಕ್ಕೂ ಇರುವ ಅಂತರ ಅದರ ಕಣ್ಣಿಗೆ ಬೀಳುವುದಿಲ್ಲ. ಭಾರ ಕಡಿಮೆ ಬಂದರೆ ಹಿಂದಿನ ಕಪಾಟುಗಳನ್ನು ಖಾಲಿ ಮಾಡಿ, ತೂಕದ ವಸ್ತುಗಳನ್ನು ಅಚ್ಚಿನ ಮೇಲೆ ಅಥವಾ ತುಸು ಮುಂದೆ, ನೆಲಮಟ್ಟದಲ್ಲಿ ಇಡಿ. ಅತಿಯಾದರೂ ತೊಂದರೆಯೇ. ಆಗ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾರು ಮತ್ತು ಹಿಚ್ಚಿನ ತಯಾರಕರು ಗುಂಡಿನ ಮೇಲಿನ ಭಾರಕ್ಕೆ ಕೊಟ್ಟಿರುವ ಮಿತಿಯನ್ನು ದಾಟುವಂತಿಲ್ಲ.

ಗುಂಡನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಸ್ಟೆಬಿಲೈಸರ್ ಹಿಚ್ ಸಿಗುತ್ತದೆ, ಅದು ಸಣ್ಣಪುಟ್ಟ ಅಲುಗಾಟವನ್ನು ತಡೆಯುತ್ತದೆ. ತಪ್ಪಾಗಿ ಹೇರಿದ ಗಾಡಿಯನ್ನು ಅದು ಸರಿಪಡಿಸುವುದಿಲ್ಲ. ಮಾಮೂಲಿ ಹಿಚ್ಚಿನ ಗುಂಡಿಗೆ ಗ್ರೀಸು ಬೇಕು, ಈ ಹಿಚ್ಚಿನ ಗುಂಡಿಗೆ ಗ್ರೀಸು ತಾಗಲೇಬಾರದು. ಗ್ಯಾರೇಜಿನ ಹುಡುಗರು ಅಭ್ಯಾಸಬಲದಿಂದ ಬಳಿದುಬಿಡುತ್ತಾರೆ, ಎಚ್ಚರವಿರಲಿ.

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಟ್ರ್ಯಾಕ್ಟರ್ ಹೊಡೆಯುತ್ತಿದ್ದೇನೆ. ಎರಡು ಗಾಲಿಯ ಟ್ರೇಲರನ್ನು ಓಣಿಯಲ್ಲಿ ರಿವರ್ಸ್ ತೆಗೆಯುವುದು ನನಗೆ ಕಷ್ಟವಲ್ಲ. ಆದರೆ ಗೆಳೆಯರ ಕಾರಿಗೆ ಕಟ್ಟಿದ ಕ್ಯಾರವಾನ್ ನನ್ನ ಮಾತು ಕೇಳಲಿಲ್ಲ. ಯಾಕೆ? (ಹಾನಗಲ್ ತಾಲ್ಲೂಕು, ಹಾವೇರಿ ಜಿಲ್ಲೆ)

ಉತ್ತರ: ತತ್ವ ಒಂದೇ, ಹಿಂದಿನ ಗಾಡಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಆದರೆ ಟ್ರ್ಯಾಕ್ಟರಿನಲ್ಲಿ ಹುಕ್ಕು ಹಿಂದಿನ ಅಚ್ಚಿಗೆ ಬಹಳ ಹತ್ತಿರವಿರುತ್ತದೆ, ಚಾಲಕ ಎತ್ತರದಲ್ಲಿ ಕುಳಿತು ಹೊರಳಿ ನೋಡಬಲ್ಲ, ಗಾಡಿಯೂ ಗೇಣುಗೇಣಾಗಿ ಸರಿಯುತ್ತದೆ. ಕಾರಿನಲ್ಲಿ ಹಿಚ್ಚು ಹಿಂದಿನ ಅಚ್ಚಿನಿಂದ ಒಂದು ಮೀಟರಿನಷ್ಟು ಹೊರಗಿರುವುದರಿಂದ ಕಾರಿನ ಮೂತಿ ಸ್ವಲ್ಪ ತಿರುಗಿದರೂ ಹಿಚ್ಚು ಅಡ್ಡಡ್ಡ ಬೀಸುತ್ತದೆ. ಗಾಡಿ ಗಿಡ್ಡವಾದಷ್ಟೂ ಬೇಗ ಮಡಚಿಕೊಳ್ಳುತ್ತದೆ. ಸ್ಟೇರಿಂಗಿನ ಕೆಳತುದಿಯಲ್ಲಿ ಕೈಯಿಟ್ಟು ನೋಡಿ, ಆಗ ಕೈ ಯಾವ ಕಡೆಗೆ ಹೋಗುತ್ತದೆಯೋ ಗಾಡಿಯೂ ಆ ಕಡೆಗೇ ಹೋಗುತ್ತದೆ. ಗಾಡಿ ತಿರುಗಲು ಶುರುಮಾಡಿದ ಕೂಡಲೇ ಸ್ಟೇರಿಂಗನ್ನು ಹಿಂದಕ್ಕೆ ತಂದು ಅದನ್ನು ಹಿಂಬಾಲಿಸಬೇಕು. ಕೋನ ಹೆಚ್ಚಾಯಿತೆನಿಸಿದರೆ ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಒಕ್ಕಲಾಟ ಮುಗಿದ ಮೇಲೆ ಖಾಲಿ ಬಿದ್ದ ಕಣದಲ್ಲಿ ಎರಡು ಸಂಜೆ ಅಭ್ಯಾಸ ಮಾಡಿದರೆ ನಿಮ್ಮಂತಹವರಿಗೆ ಸಾಕು.

ಪ್ರಶ್ನೆ: ನನ್ನದು ವೆಲ್ಡಿಂಗ್ ಶಾಪು. ನಮ್ಮಲ್ಲಿರುವ ಹಳೆಯ ಟ್ರ್ಯಾಕ್ಟರ್ ಟ್ರೇಲರಿನ ಚಾಸಿಯ ಮೇಲೆ ಕ್ಯಾರವಾನ್ ಕಟ್ಟಿ ಜೀಪಿಗೆ ಜೋಡಿಸಬೇಕೆಂದಿದ್ದೇನೆ. ಕಾನೂನಿನ ತೊಡಕು ಇದೆಯೇ? (ರಾಣೆಬೆನ್ನೂರು)

ಉತ್ತರ: ತೊಡಕು ಕಾನೂನಿನದೂ ಇದೆ, ಕಬ್ಬಿಣದ್ದೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸಾಮಾನು ಹೇರಲೆಂದು ನೋಂದಾಯಿಸಿದ ಟ್ರೇಲರನ್ನು ವಾಸದ ಗಾಡಿ ಮಾಡುವುದು ಇದಕ್ಕೆ ನೇರವಾಗಿ ಅಡ್ಡಬರುತ್ತದೆ. 61ನೇ ಕಲಮು ಟ್ರೇಲರುಗಳಿಗೂ ನೋಂದಣಿ ಬೇಕೆನ್ನುತ್ತದೆ. ಟ್ರೇಲರಿನ ಸ್ವಂತ ಸಂಖ್ಯೆಯನ್ನು ಅದರ ಪಕ್ಕದಲ್ಲಿ ತೋರಿಸಬೇಕು, ಎಳೆಯುವ ವಾಹನದ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕು. ಆದ್ದರಿಂದ ಒಂದು ರಾಡು ಕತ್ತರಿಸುವ ಮುನ್ನವೇ ನಿಮ್ಮ ಭಾಗದ ಆರ್‌ಟಿಒ ಕಚೇರಿಗೆ ನಕ್ಷೆಯ ಸಮೇತ ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆಯಿರಿ. ವಿಮೆಯವರನ್ನೂ ಹಾಗೆಯೇ ಕೇಳಿ, ಕಾರಿನ ಪಾಲಿಸಿ ಹಿಂದಿನ ಗಾಡಿಗೂ ಅನ್ವಯಿಸುತ್ತದೆ ಎಂದು ಊಹಿಸಿಕೊಳ್ಳಬೇಡಿ.

ಕಬ್ಬಿಣದ ಮಾತೆಂದರೆ, ಹೊಲದ ಟ್ರೇಲರನ್ನು ಕಟ್ಟಿರುವುದು ಟನ್ನುಗಟ್ಟಲೆ ಕಬ್ಬು ಹೊತ್ತು ನಿಧಾನವಾಗಿ ಸಾಗಲು. ಹಲವುಗಳಿಗೆ ಸ್ಪ್ರಿಂಗೇ ಇರುವುದಿಲ್ಲ, ಇದ್ದರೂ ಹಗುರ ಹೊರೆಗೆ ಅದು ಬಾಗುವುದಿಲ್ಲ. ಜೀಪಿನ ವೇಗದಲ್ಲಿ ಅದು ಪ್ರತಿ ಹಂಪಿನ ಮೇಲೂ ಪುಟಿದು, ಒಳಗಿನ ಕಪಾಟು, ಗ್ಯಾಸಿನ ಪೈಪು, ಕಿಟಕಿ ಎಲ್ಲವನ್ನೂ ಸಡಿಲಗೊಳಿಸುತ್ತದೆ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಚಾಸಿಯನ್ನು ಅದರ ಕೆಲಸಕ್ಕೇ ಬಿಡಿ.

ಪ್ರಶ್ನೆ: ನಮ್ಮ ಯಜಮಾನರು ಕ್ಯಾರವಾನಿಗೆ ಒಂದು ಟನ್ನಿನ ಎಸಿ ಕೂರಿಸಿ ಸೋಲಾರಿನಿಂದ ನಡೆಸುತ್ತೇನೆಂದು ಹಟ ಹಿಡಿದಿದ್ದಾರೆ. ಬೇಸಿಗೆಯಲ್ಲಿ ನಮ್ಮೂರ ಸೆಕೆ ನಿಮಗೂ ಗೊತ್ತು. ಇದು ಆಗುವ ಮಾತೇ? (ಬೆಟಗೇರಿ, ಗದಗ)

ಉತ್ತರ: ಯಜಮಾನರಿಗೆ ಈ ಲೆಕ್ಕ ತೋರಿಸಿ. ಒಂದು ಟನ್ನಿನ ಎಸಿ ಸುಮಾರು 1,000 ವಾಟ್ ಎಳೆಯುತ್ತದೆ. 12 ವೋಲ್ಟಿನ, 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ 1,200 ವಾಟ್ ಅವರ್. ಅಂದರೆ ಮಲಗಿ ಒಂದು ತಾಸಿಗೆ ಎಸಿ ನಿಂತು ಎಚ್ಚರವಾಗುತ್ತದೆ. 200 ವಾಟಿನ ಪ್ಯಾನೆಲ್ ನಮ್ಮ ಕಡೆಯ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 750 ವಾಟ್ ಅವರ್ ಕೊಟ್ಟರೆ ಹೆಚ್ಚು. ಆ ಎಸಿಯನ್ನು ರಾತ್ರಿಯಿಡೀ ನಡೆಸುವಷ್ಟು ಪ್ಯಾನೆಲುಗಳಿಗೆ ಗಾಡಿಯ ಚಾವಣಿಯಲ್ಲಿ ಜಾಗವಿಲ್ಲ. ಕರೆಂಟಿನ ಸಂಪರ್ಕ ಸಿಗುವ ತಾಣದಲ್ಲಿ ಮಾತ್ರ ಎಸಿ ಉಪಯೋಗಕ್ಕೆ ಬರುತ್ತದೆ. ಮೂವತ್ತು ನಲವತ್ತು ಕೆಜಿಯ ಅದನ್ನು ಚಾವಣಿಯ ಮೇಲೆ ಹೊತ್ತರೆ ಗಾಡಿಯ ಗುರುತ್ವ ಕೇಂದ್ರವೂ ಮೇಲೇರುತ್ತದೆ.

ಅದೇ 200 ವಾಟಿನಿಂದ ನಡೆಯುವುದು ಬಹಳಷ್ಟಿದೆ. ಎಲ್‌ಇಡಿ ದೀಪಗಳಿಗೆ 100, ರಾತ್ರಿಯಿಡೀ 25 ವಾಟಿನ ಫ್ಯಾನಿಗೆ 250, ಮೊಬೈಲುಗಳಿಗೆ 50 ವಾಟ್ ಅವರ್ ತೆಗೆದರೂ, ಹಾಲು, ಮೊಸರು, ಔಷಧಿ ಇಡುವ 12 ವೋಲ್ಟಿನ ಸಣ್ಣ ಫ್ರಿಜ್ಜಿಗೆ ಉಳಿಯುತ್ತದೆ. ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ, ಲಿಥಿಯಂ ಬ್ಯಾಟರಿಯಿಂದ ಶೇ. 80ರಷ್ಟು ನಿರಾತಂಕವಾಗಿ ಬಳಸಬಹುದು, ತೂಕವೂ ಹನ್ನೆರಡು ಹದಿಮೂರು ಕೆಜಿ ಮಾತ್ರ. ಬೆಲೆ ಹೆಚ್ಚೆಂಬುದು ನಿಜ, ಆದರೂ ಕ್ಯಾರವಾನಿನ ಸುಧಾರಣೆಗಳಲ್ಲಿ ನಾನು ಮೊದಲು ಹಣ ಹಾಕುವುದು ಇದಕ್ಕೇ. ಸೆಕೆಗೆ ಚಾವಣಿಯ ಕಿಂಡಿಗೆ ಗಾಳಿ ಹೊರಹಾಕುವ ಫ್ಯಾನು, ಕಿಟಕಿಗಳಿಗೆ ಬಿಸಿಲು ಹಿಂತಿರುಗಿಸುವ ಬೆಳ್ಳಿಬಣ್ಣದ ಪರದೆ ಹಾಕಿಸಿ, ಪಡುವಣ ಬಿಸಿಲಿಗೆ ಹುಣಸೆಯದೋ ಬೇವಿನದೋ ನೆರಳಿರುವ ಕಡೆ ನಿಲ್ಲಿಸಿ. ತೆಂಗಿನ ಮರದ ಕೆಳಗೆ ಮಾತ್ರ ಬೇಡ.

ಗ್ಯಾಸಿನ ಬಗ್ಗೆಯೂ ಒಂದು ಮಾತು. ಗಾಳಿ ಬರುವುದೆಂದು ಅಥವಾ ಇರುವೆ ಬರುವುದೆಂದು ನೆಲದಲ್ಲಿರುವ ಸಣ್ಣ ಕಿಂಡಿಗಳಿಗೆ ಟೇಪು ಹಚ್ಚುವವರನ್ನು ನೋಡಿದ್ದೇನೆ. ಎಲ್‌ಪಿಜಿ ಗಾಳಿಗಿಂತ ಭಾರವಾಗಿದ್ದು, ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ಅದು ಹೊರಹೋಗಲೆಂದೇ ಆ ಕಿಂಡಿಗಳಿವೆ. ಮನೆಯ 14.2 ಕೆಜಿಯ ಸಿಲಿಂಡರನ್ನು ಒಳಗಿಡುವ ಯೋಚನೆಯನ್ನೂ ಬಿಡಿ. ತುಂಬಿದಾಗ ಅದರ ತೂಕವೇ ಮೂವತ್ತು ಕೆಜಿಯ ಹತ್ತಿರ, ಅಷ್ಟು ಗ್ಯಾಸು ಇಬ್ಬರ ಅಡುಗೆಗೆ ಬೇಕಾಗಿಯೂ ಇಲ್ಲ.

ಪ್ರಶ್ನೆ: ಎರಡು ಮಳೆಗಾಲ ಹೊರಗೆ ನಿಂತ ನಮ್ಮ ಕ್ಯಾರವಾನಿನ ಒಳಗೆ ಮುಗ್ಗಲು ವಾಸನೆ ಬರುತ್ತಿದೆ. ಚಾವಣಿಯ ಸಂದಿಗಳಿಗೆ ಎಪಾಕ್ಸಿ ಪುಟ್ಟಿ ತುಂಬಿಸಿದರೂ ಹೋಗಲಿಲ್ಲ. (ಸಾಧನಕೇರಿ, ಧಾರವಾಡ)

ಉತ್ತರ: ಎಪಾಕ್ಸಿ ಒಣಗಿದ ಮೇಲೆ ಕಲ್ಲಾಗುತ್ತದೆ. ಕ್ಯಾರವಾನಿನ ಮೈ ಮಾತ್ರ ಓಡುವಾಗ ಸದಾ ತಿರುಚುತ್ತಿರುತ್ತದೆ, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಪುಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನಿಮ್ಮ ಧಾರವಾಡದ ಜಿಟಿಜಿಟಿ ಮಳೆಗೆ ಅಷ್ಟು ಸಾಕು. ಅದನ್ನೆಲ್ಲ ಕೆರೆದು ತೆಗೆದು, ಅಂಚಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಬಿಚ್ಚಿ, ಕೆಳಗೆ ಬ್ಯುಟೈಲ್ ಟೇಪು ಹಾಕಿ ಮತ್ತೆ ಬಿಗಿಯಿರಿ, ಇದು ಮೆತ್ತಗೆ ಉಳಿದು ಮೈಯ ಜೊತೆಗೆ ಬಳುಕುತ್ತದೆ. ಆದರೆ ಮೊದಲು ಒಳಗೆ ನೋಡಿ. ಕಿಟಕಿಗಳ ಕೆಳಮೂಲೆಗಳಲ್ಲಿ, ಹಾಸಿಗೆಯ ಪೆಟ್ಟಿಗೆಯ ಒಳಗೆ, ಮುಂದಿನ ಗೋಡೆ ನೆಲಕ್ಕೆ ಕೂಡುವಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಪ್ಲೈವುಡ್ಡು ನೆನೆದ ರೊಟ್ಟಿಯಂತೆ ಒಳಗೆ ಹೋದರೆ ಆ ಭಾಗವನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಒದ್ದೆ ಪ್ಲೈವುಡ್ಡಿನ ಮೇಲೆ ಹೊಸ ಮೈಕಾ ಹಚ್ಚಿಸಿದರೆ ಕೊಳೆತ ಒಳಗೊಳಗೇ ಮುಂದುವರಿಯುತ್ತದೆ. ಹಳೆಯ ಗಾಡಿ ಕೊಳ್ಳುವವರೂ ಇದೇ ಹೆಬ್ಬೆರಳಿನ ಪರೀಕ್ಷೆ ಮಾಡಬೇಕು. ಒಳಗೆ ಕಾಲಿಟ್ಟಾಗ ಊದಿನಕಡ್ಡಿಯ ಘಮ ಜೋರಾಗಿ ಬಂದರೆ ನಾನು ಇನ್ನೂ ಜೋರಾಗಿ ಒತ್ತಿ ನೋಡುತ್ತೇನೆ.

ಪ್ರಶ್ನೆ: ಯಲ್ಲಾಪುರದ ಮೇಲೆ ಅಂಕೋಲೆಗೆ ಕ್ಯಾರವಾನ್ ಒಯ್ಯಬಹುದೇ? (ಕುಂದಗೋಳ)

ಉತ್ತರ: ಒಯ್ಯಬಹುದು. ಅರಬೈಲು ಘಟ್ಟ ಇಳಿಯುವಾಗ ಮಾತ್ರ, ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿಕೊಂಡು ಎಂಜಿನ್ನಿನ ಹಿಡಿತದಲ್ಲೇ ಇಳಿಯಿರಿ. ಹೆಚ್ಚಿನ ಕ್ಯಾರವಾನುಗಳ ಬ್ರೇಕು ಕೆಲಸ ಮಾಡುವುದು ಗಾಡಿ ಕಾರನ್ನು ಹಿಂದಿನಿಂದ ನೂಕಿದಾಗ. ಹಿಚ್ಚಿನ ದಂಡ ಒಳಗೆ ಸರಿದು, ಕೇಬಲ್ ಎಳೆದು, ಚಕ್ರದ ಡ್ರಮ್ಮಿನೊಳಗಿನ ಶೂಗಳನ್ನು ಒತ್ತುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಗಾಡಿ ಸದಾ ನೂಕುತ್ತಲೇ ಇರುವುದರಿಂದ ಡ್ರಮ್ಮು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ, ನೀರು ಸುರಿಯಬೇಡಿ. ಹಿಚ್ಚು ಕಳಚಿದರೆ ಬ್ರೇಕು ಹಾಕುವ ತೆಳು ತಂತಿಯೊಂದಿರುತ್ತದೆ, ಅದನ್ನು ಕಾರಿಗೆ ಸಿಕ್ಕಿಸಿದ್ದೀರಾ ಎಂದು ಹೊರಡುವಾಗಲೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಗಾಡಿ ಓಡಿದ್ದೇ ಕಡಿಮೆ, ಟೈರಿನ ಹೂವು ಹೊಸದರಂತಿದೆ. ಬದಲಿಸಬೇಕೇ? (ಶಿಗ್ಗಾಂವಿ)

ಉತ್ತರ: ಕ್ಯಾರವಾನಿನ ಟೈರು ಸವೆದು ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾಗಿದ್ದರೆ ಹೂವು ಎಷ್ಟೇ ಚೆನ್ನಾಗಿದ್ದರೂ ಬದಲಿಸಿ. ಹೊಸದು ಕೊಳ್ಳುವಾಗ ಭಾರದ ಸೂಚ್ಯಂಕ ನೋಡಿ. 91 ಎಂದರೆ ಒಂದು ಟೈರು 615 ಕೆಜಿ ಹೊರುತ್ತದೆ, ಎರಡು ಸೇರಿ 1,230 ಕೆಜಿ. ನಿಮ್ಮ ಗಾಡಿಯ ಗರಿಷ್ಠ ತೂಕ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು 50 ಕಿ.ಮೀ. ಓಡಿದ ನಂತರ ಇನ್ನೊಮ್ಮೆ ಬಿಗಿಯಬೇಕು. ನೀವು ಹಾವೇರಿಯ ಕಡೆಗೆ ಹೋಗಿ ಚಹಾಕ್ಕೆ ನಿಂತಾಗ, ಕಾರಿನಿಂದ ಪಾನಾ ಹಿಡಿದುಕೊಂಡೇ ಇಳಿಯಿರಿ.